ಖಾಪೆಯ ಎಡಗೈ

ಮಬೋಪಾನೆ ರೈಲು ನಿಲ್ದಾಣದ ಹೊರಗೆ, ಜನ ತುಂಬಿಕೊಂಡು ಹೊರಡುವ ಟ್ಯಾಕ್ಸಿ ವ್ಯಾನುಗಳು ಸಾಲುಗಟ್ಟುವ ಕಡೆ, ಒಂದು ತಗಡಿನ ಚಪ್ಪರದ ಕೆಳಗೆ ಮೊಸೆಟ್ಸಾನಾಖಾಪೆ ಹದಿನೈದು ವರ್ಷದಿಂದ ನನ್ನ ತಲೆ ಹೆಣೆಯುತ್ತಿದ್ದಾಳೆ. ಅವಳ ಹೆಸರಿನ ಅರ್ಥ 'ಮತ್ತೆ ಹೆಣ್ಣು'. ಮೂರು ಹೆಣ್ಣುಮಕ್ಕಳಾದ ಮೇಲೆ ಹುಟ್ಟಿದವಳು; ಸುದ್ದಿ ಕೇಳಿದ ಅಪ್ಪ ಹೆರಿಗೆ ಕೋಣೆಯ ಬಾಗಿಲಲ್ಲೇ ನಿಂತು ಇಟ್ಟ ಹೆಸರಂತೆ. ಅಷ್ಟುದ್ದ ಯಾರು ಕೂಗುತ್ತಾರೆ? ಊರಿಗೆಲ್ಲ ಅವಳು ಖಾಪೆ, ಅಂದರೆ ಬರೀ 'ಮತ್ತೆ'. ಹೊಸ ಗಿರಾಕಿಗಳು ಹೆಸರು ಕೇಳಿ ನಕ್ಕರೆ ಅವಳಿಗೆ ಬೇಸರವಿಲ್ಲ. "ನಗಿ, ನಗಿ. ಒಂದ್ಸಲ ನನ್ನ ಹತ್ರ ಹೆಣೆಸ್ಕೊಂಡೋರು ಮತ್ತೆ ಬರ್ತಾರೆ, ಅದಕ್ಕೇ ಆ ಹೆಸರು," ಎನ್ನುತ್ತಾಳೆ.

ನಾನು ನಿಲ್ದಾಣದ ಹಿಂದಿನ ಪ್ರೈಮರಿ ಶಾಲೆಯ ಟೀಚರು. ತಿಂಗಳಿಗೊಂದು ಶನಿವಾರ ಬೆಳಗ್ಗೆ ಎಂಟಕ್ಕೆ ಅವಳ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರೆ ಹನ್ನೆರಡಕ್ಕೆ ಏಳುವುದು. ಚೌರಿ ಸೇರಿಸಿ, ಎಳೆ ಎಳೆಯಾಗಿ ಬಿಡಿಸಿ, ಬೆನ್ನಿನ ಮೇಲೆ ಇಳಿಯುವ ಇನ್ನೂರೈವತ್ತು ಸಣ್ಣ ಜಡೆ. ನಾಲ್ಕು ಗಂಟೆಯೂ ಅವಳು ನಿಂತೇ ಇರುತ್ತಿದ್ದಳು, ಎರಡೂ ಕೈ ಎದೆಯ ಮಟ್ಟಕ್ಕಿಂತ ಮೇಲೆ. ಕೈ ನಿಲ್ಲುತ್ತಿರಲಿಲ್ಲ, ಬಾಯಿ ಅದಕ್ಕಿಂತಲೂ ನಿಲ್ಲುತ್ತಿರಲಿಲ್ಲ. ಯಾವ ಪಾದ್ರಿ ಹೊಸ ಕಾರು ಕೊಂಡ, ಯಾರ ಮನೆಗೆ ಸಂಬಂಧ ಕೇಳಲು ಯಾರು ಬಂದು ಹಾಗೇ ತಿರುಗಿ ಹೋದರು, ಎಲ್ಲ ನನ್ನ ನೆತ್ತಿಯ ಮೇಲೇ ತೀರ್ಮಾನವಾಗುತ್ತಿತ್ತು.

ಪಕ್ಕದಲ್ಲಿ ಚಪ್ಪಲಿ ಹೊಲಿಯುವ ಫಿನಿಯಸ್. ಅರವತ್ತು ದಾಟಿದವನು, ಇಡೀ ಸಾಲಿಗೆ ಅವನು ಮಲೋಮೆ, ಸೋದರಮಾವ. ಅವನಿಗೂ ಖಾಪೆಗೂ ದಿನವಿಡೀ ಜಗಳ. ಅವನ ರೇಡಿಯೋ ಜೋರಾಯಿತು ಎಂದು ಅವಳು, ಅವಳ ಮಾತಿನಲ್ಲಿ ರೇಡಿಯೋ ಕೇಳಿಸುತ್ತಿಲ್ಲ ಎಂದು ಅವನು. ಮಧ್ಯಾಹ್ನವಾದರೆ ಇಬ್ಬರೂ ಒಂದೇ ತಟ್ಟೆಯಿಂದ ಕೋಳಿಕಾಲಿನ ಸಾರು ಸುರಿದ ಜೋಳದ ಹಿಟ್ಟಿನ ಮುದ್ದೆ ಮುರಿದು ತಿನ್ನುತ್ತಿದ್ದರು.

ಐದಾರು ವರ್ಷದ ಹಿಂದಿನ ಮಾತು. ನಮ್ಮಲ್ಲಿ ಚಳಿಗಾಲವಾದ ಜೂನಿನಲ್ಲಿ ಒಂದು ಶನಿವಾರ, ನನ್ನ ತಲೆ ಅರ್ಧ ಆಗಿದ್ದಾಗ, ಅವಳ ಕೈ ನಿಂತಿತು. ತಿರುಗಿ ನೋಡಿದರೆ ಎಡಗೈಯನ್ನು ಜೋತುಬಿಟ್ಟು ಕೊಡವುತ್ತಿದ್ದಳು.

"ಏನಾಯ್ತೇ?"

"ಏನಿಲ್ಲ ಟೀಚರ್. ಜೋಮು. ಕೈ ಎತ್ತಿದ್ರೆ ಸೀಸ ಕಟ್ಟಿದ ಹಾಗಾಗುತ್ತೆ. ಇಳಿಸಿದ್ರೆ ಸರಿಹೋಗುತ್ತೆ."

ಮಲೋಮೆ ದಾರ ಹಲ್ಲಲ್ಲಿ ಕಚ್ಚಿಕೊಂಡೇ ಹೇಳಿದ: "ಇವಳ ಬಾಯಿಗೆ ಜೋಮು ಹಿಡೀಲಿ ಅಂತ ನಾನು ಪ್ರಾರ್ಥನೆ ಮಾಡ್ತಿದ್ದೆ. ದೇವರು ವಿಳಾಸ ತಪ್ಪಿಸಿದ."

ಎಲ್ಲರೂ ನಕ್ಕೆವು. ಆದರೆ ಆ ದಿನ ನನ್ನ ತಲೆ ಮುಗಿದದ್ದು ಮೂರು ಗಂಟೆಗೆ. ಜುಲೈನಲ್ಲಿ ಒಂದು ತಲೆಗೆ ಒಂದೂವರೆ ದಿನ ಬೇಕಾಯಿತು. ಹತ್ತು ಜಡೆ ಹೆಣೆಯುವುದು, ಕೈ ಇಳಿಸುವುದು, ಮತ್ತೆ ಹತ್ತು. ಗಿರಾಕಿಗಳು ಸೋಮಾರಿಯಾದಳು ಎಂದರು. ಆಚೆ ಸಾಲಿನಲ್ಲಿ ಹೆಣೆಯುವವರು ಇನ್ನೇನೇನೋ ಅಂದರು. ಖಾಪೆ ಇಳಿದುಹೋಗುತ್ತಿದ್ದಳು. ಸ್ಕರ್ಟಿಗೆ ಪಿನ್ನು ಚುಚ್ಚಿಕೊಳ್ಳುತ್ತಿದ್ದಳು. ಸಂಜೆಯಾದರೆ ಸಣ್ಣ ಜ್ವರ, ಕುತ್ತಿಗೆಯ ಪಕ್ಕದಲ್ಲಿ ನೋವು. ಮೂವತ್ತೂ ತುಂಬದ ಹುಡುಗಿ ನಿಲ್ದಾಣದ ಮೆಟ್ಟಿಲ ಮೇಲೆ ಮುದುಕಿಯ ಹಾಗೆ ಕೂತು ಸುಧಾರಿಸಿಕೊಳ್ಳುತ್ತಿದ್ದಳು.

ನಮ್ಮಲ್ಲಿ ಯಾರಾದರೂ ಹೀಗೆ ಇಳಿದರೆ ಜನ ಏಡ್ಸ್, ಕ್ಷಯ, ಈ ಎರಡು ಕಾಯಿಲೆಯ ಹೆಸರು ಮಾತ್ರ ಹೇಳುತ್ತಾರೆ, ಅದೂ ದನಿ ತಗ್ಗಿಸಿ. ಖಾಪೆ ತಾನೇ ಕ್ಲಿನಿಕ್ಕಿಗೆ ಹೋಗಿ ಎರಡಕ್ಕೂ ಪರೀಕ್ಷೆ ಮಾಡಿಸಿದಳು. ಎರಡೂ ಇರಲಿಲ್ಲ. ಆ ಚೀಟಿಯನ್ನು ಚಪ್ಪರದ ಕಂಬಕ್ಕೆ ಅಂಟಿಸಿಬಿಟ್ಟಳು. "ಓದಿಕೊಳ್ಳಿ. ಓದೋಕೆ ಬರದೋರಿಗೆ ಟೀಚರ್ ಓದಿ ಹೇಳ್ತಾರೆ," ಎಂದಳು. ಅವಳ ಅಕ್ಕ ಸೈಪೋನೆ ತಮ್ಮ ಚರ್ಚಿಗೆ ಕರೆದುಕೊಂಡು ಹೋಗಿ ಎಡ ಮಣಿಕಟ್ಟಿಗೆ ನೀಲಿ ಉಣ್ಣೆಯ ದಾರ ಕಟ್ಟಿಸಿದಳು. ಆ ಕೈಬೆರಳು ಮುಟ್ಟಿದರೆ ನಲ್ಲಿಯ ಕೊಳವೆಯಷ್ಟು ತಣ್ಣಗಿತ್ತು.

ಸೆಪ್ಟೆಂಬರಿನಲ್ಲಿ ನಾನೇ ಬಲವಂತ ಮಾಡಿ ಮತ್ತೆ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಅಲ್ಲಿ ಸಿಸ್ಟರ್ ಮೊಖಾಪಿ, ದಪ್ಪ ಕನ್ನಡಕದ ಹಳೆಯ ನರ್ಸು. ರಕ್ತದೊತ್ತಡ ನೋಡಲು ಖಾಪೆಯ ಎಡತೋಳಿಗೆ ಪಟ್ಟಿ ಸುತ್ತಿದರು. ಯಂತ್ರ ಉಬ್ಬಿತು, ಇಳಿಯಿತು, ಏನೂ ತೋರಿಸಲಿಲ್ಲ. ಬ್ಯಾಟರಿ ಬದಲಾಯಿಸಿದರು. ಪಕ್ಕದ ಕೋಣೆಯಿಂದ ಇನ್ನೊಂದು ಯಂತ್ರ ತಂದರು. ಅದೂ ಹಾಗೇ. ಕೊನೆಗೆ ಯಂತ್ರ ಬದಿಗಿಟ್ಟು ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟರು. ಬಹಳ ಹೊತ್ತು ಹಾಗೇ ಕೂತಿದ್ದರು.

"ನಾಡಿ ಸಿಗ್ತಿಲ್ಲ," ಎಂದರು.

"ಅಂದ್ರೆ ನಾನು ಸತ್ತಿದ್ದೀನಾ ಸಿಸ್ಟರ್?"

"ಇಷ್ಟು ಮಾತಾಡೋರು ಸತ್ತಿರಲ್ಲ. ಆ ಕೈ ಕೊಡು."

ಬಲಗೈಯಲ್ಲಿ ನಾಡಿ ಗುದ್ದುತ್ತಿತ್ತು. ಒತ್ತಡ ನನ್ನ ವಯಸ್ಸಿನವರಿಗೂ ಹೆಚ್ಚೆನ್ನುವಷ್ಟಿತ್ತು. ಸಿಸ್ಟರ್ ಕನ್ನಡಕ ತೆಗೆದು ಒರೆಸಿ, ಪಟ್ಟಣದ ದೊಡ್ಡಾಸ್ಪತ್ರೆಗೆ ಕಾಗದ ಬರೆದರು. "ಇದೇನು ಅಂತ ನಂಗೆ ಗೊತ್ತಿಲ್ಲ ಮಗಳೇ. ಗೊತ್ತಿರೋರ ಹತ್ರ ಹೋಗು, ನಾಳೆನೇ ಹೋಗು," ಎಂದರು.

ದೊಡ್ಡಾಸ್ಪತ್ರೆಯಲ್ಲಿ ಅವಳನ್ನು ನೋಡಿದವರು ಡಾಕ್ಟರ್ ಮುದಾವು, ವೆಂಡಾ ಕಡೆಯ ಹೆಂಗಸು, ನಲವತ್ತರ ಒಳಗೆ. ಅವರು ಸ್ಟೆತಸ್ಕೋಪನ್ನು ಎದೆಗಿಡುವ ಬದಲು ಖಾಪೆಯ ಎಡ ಕೊರಳ ಮೂಳೆಯ ಮೇಲಿಟ್ಟು ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಅದನ್ನು ನನ್ನ ಕಿವಿಗೂ ಕೊಟ್ಟರು. ಅರ್ಧ ತಿರುಗಿಸಿದ ನಲ್ಲಿಯಿಂದ ನೀರು ಒತ್ತಿ ಬರುವಾಗಿನ ಸದ್ದು, ಸುಯ್ ಸುಯ್ ಎಂದು.

"ರಕ್ತನಾಳ ಕಿರಿದಾಗಿದೆ," ಎಂದರು ಡಾಕ್ಟರು. "ಹೃದಯದಿಂದ ಹೊರಡೋ ದೊಡ್ಡ ನಾಳ, ಅದರಿಂದ ಕೈಗೆ, ಕುತ್ತಿಗೆಗೆ ಹೋಗೋ ಕವಲು. ಅವುಗಳ ಗೋಡೆಗೆ ಉರಿಯೂತ ಬಂದು ದಪ್ಪ ಆಗುತ್ತೆ. ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳಿಗೇ ಜಾಸ್ತಿ ಬರೋ ಕಾಯಿಲೆ. ನೀವು ಕೈ ಎತ್ತಿದಾಗ ರಕ್ತ ಸಾಲೋದಿಲ್ಲ, ಅದಕ್ಕೇ ಸೋಲುತ್ತೆ."

"ಔಷಧಿ ಇಲ್ವಾ?"

"ಇದೆ. ಆದರೆ ಸುಮ್ಮನೆ ಕೊಡೋ ಔಷಧಿ ಅಲ್ಲ. ಇದು ಯಾವತ್ತೋ ಉರಿದು ಆರಿಹೋಗಿ ಉಳಿದ ಕಲೆಯೋ, ಇನ್ನೂ ಉರೀತಾ ಇದೆಯೋ, ನನಗೆ ಗೊತ್ತಾಗಬೇಕು. ರಕ್ತ ಪರೀಕ್ಷೆ ಒಂದ್ಸಲ ಹೌದು ಅನ್ನುತ್ತೆ, ಒಂದ್ಸಲ ಅಲ್ಲ ಅನ್ನುತ್ತೆ. ಕಲೆಗೆ ಆ ಔಷಧಿ ಕೊಟ್ಟರೆ ಪ್ರಯೋಜನ ಇಲ್ಲ, ತೊಂದರೆ ಮಾತ್ರ. ಉರೀತಾ ಇದ್ದಾಗ ಕೊಡದೇ ಇದ್ದರೆ ಇನ್ನೊಂದು ಕೈಯೂ ಹೋಗುತ್ತೆ. ಆದ್ದರಿಂದ ಒಳಗೆ ನೋಡೋಣ."

ಒಳಗೆ ನೋಡುವ ಬಗೆಯನ್ನೂ ಅವರೇ ಹೇಳಿದರು. ಸಕ್ಕರೆಗೆ ಚೂರು ವಿಕಿರಣ ಅಂಟಿಸಿ ಸೂಜಿಯಲ್ಲಿ ಕೊಡುತ್ತಾರೆ. ಉರಿಯೂತವಿರುವ ಜಾಗಕ್ಕೆ ಸಕ್ಕರೆಯ ಹಸಿವು ಹೆಚ್ಚು. ಅದು ಆ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಆಮೇಲೆ ಯಂತ್ರದೊಳಗೆ ಮಲಗಿಸಿದರೆ ಸಕ್ಕರೆ ಎಲ್ಲಿ ಸೇರಿದೆಯೋ ಅಲ್ಲಿ ಹೊಳೆಯುತ್ತದೆ. ಆ ಔಷಧಿ ಅವತ್ತು ಬೆಳಗ್ಗೆಯೇ ತಯಾರಾಗಿ ಬರಬೇಕು. ಎರಡು ಗಂಟೆ ಕಳೆಯುವುದರೊಳಗೆ ಅದರ ಸತ್ವ ಅರ್ಧ ಇಳಿದಿರುತ್ತದೆ. ನಾಳೆಗೆ ಇಟ್ಟುಕೊಳ್ಳುವ ಹಾಗಿಲ್ಲ.

ಒಂದು ತಿಂಗಳು ಕಾದು ದಿನ ಸಿಕ್ಕಿತು. ಇನ್ನು ಮುಂದಿನದು ನನ್ನ ತಪ್ಪು, ಬಚ್ಚಿಡುವುದಿಲ್ಲ. ಆಸ್ಪತ್ರೆಯವರು ಇಂಗ್ಲಿಷಿನಲ್ಲಿ ಅಚ್ಚಾದ ಹಾಳೆ ಕೊಟ್ಟಿದ್ದರು. ಖಾಪೆ ಅದನ್ನು ನನ್ನ ಕೈಗಿತ್ತು, "ನೀವು ಓದಿ ಹೇಳಿ, ನಾನು ಹಾಗೇ ಮಾಡ್ತೀನಿ," ಎಂದಳು. ಹಿಂದಿನ ದಿನ ಮುದ್ದೆ, ಬ್ರೆಡ್ಡು, ಸಿಹಿ ಬೇಡ. ಮೊಟ್ಟೆ, ಮಾಂಸ, ಸೊಪ್ಪು ಸಾಕು. ಬೆಳಗ್ಗೆ ಏನೂ ತಿನ್ನಬಾರದು, ನೀರು ಚೆನ್ನಾಗಿ ಕುಡಿಯಬೇಕು. ಎಲ್ಲ ಓದಿ ಹೇಳಿದೆ. ಆದರೆ ಆ ದಿನ ಬೆಳಗಿನ ಐದೂವರೆಗೆ ಟ್ಯಾಕ್ಸಿ ನಿಲ್ದಾಣದಲ್ಲಿ ಅವಳು ಕಂಬಕ್ಕೊರಗಿ ನಿಂತದ್ದು ನೋಡಿ ತಡೆಯಲಾಗಲಿಲ್ಲ. ಚೀಲದಲ್ಲಿ ನನಗೆಂದು ತಂದಿದ್ದ ಮಗೇವು ಇತ್ತು. ಹುಳಿ ಬಂದ ಜೋಳದ ಗಂಜಿ, ತಿಳಿಯಾಗಿ, ಸಕ್ಕರೆ ಹಾಕಿದ್ದು. ಅದು ಕುಡಿಯುವ ಪದಾರ್ಥ ತಾನೇ ಎಂದುಕೊಂಡು, "ಕುಡಿ, ತಿನ್ನಬಾರದು ಅಂದಿದ್ದಾರೆಯೇ ಹೊರತು ಕುಡೀಬಾರದು ಅಂದಿಲ್ಲ," ಎಂದು ಡಬ್ಬವನ್ನೇ ಕೊಟ್ಟೆ. ಗಟಗಟ ಕುಡಿದಳು.

ಆಸ್ಪತ್ರೆಯಲ್ಲಿ ಆ ವಿಭಾಗದ ತಂತ್ರಜ್ಞ, ಶಾಂತವಾದ ಎತ್ತರದ ಮನುಷ್ಯ, ಹೆಸರು ಡಿಟ್ಲಾರೆ. ಅವಳ ಬೆರಳು ಚುಚ್ಚಿ ಸಕ್ಕರೆ ನೋಡಿದವನು ಮುಖ ಎತ್ತಿದ.

"ಬೆಳಗ್ಗೆ ಏನು ತಗೊಂಡ್ರಿ ಮ್ಮಾ?"

"ಏನೂ ತಿಂದಿಲ್ಲ. ಮಗೇವು ಕುಡಿದೆ ಅಷ್ಟೇ. ಟೀಚರ್ ಕೊಟ್ರು."

ಅವನು ನನ್ನ ಕಡೆ ನೋಡಿದ. ಇಪ್ಪತ್ತೆಂಟು ವರ್ಷ ಪಾಠ ಮಾಡಿದವಳು ನಾನು. ಹೋಮ್‌ವರ್ಕ್ ಮಾಡದ ಹುಡುಗಿಯ ಹಾಗೆ ನಿಂತೆ.

"ಮಗೇವು ಊಟ ಅಲ್ವಾ ಟೀಚರ್?" ಎಂದ. ಬೈಯಲಿಲ್ಲ, ಅದೇ ಇನ್ನೂ ಕಷ್ಟವಾಯಿತು. "ಈಗ ಮೈಯೆಲ್ಲ ಆ ಗಂಜಿಯ ಸಕ್ಕರೆ ತುಂಬಿದೆ. ನಾವು ಕೊಡೋ ಸಕ್ಕರೆ ಮಾಂಸಖಂಡಕ್ಕೆ ಹೋಗಿ ಕೂರುತ್ತೆ, ಚಿತ್ರ ಎಲ್ಲ ಮಬ್ಬು. ಇವತ್ತು ಆಗಲ್ಲ."

ಎರಡು ವಾರ ಮುಂದೆ ಹೋಯಿತು. ವಾಪಸು ಬರುವಾಗ ನಾನು ಟ್ಯಾಕ್ಸಿಯ ಕಿಟಕಿಯ ಕಡೆ ಮುಖ ಮಾಡಿ ಕೂತೆ. ಖಾಪೆ ನನ್ನ ತೊಡೆ ತಟ್ಟಿದಳು. "ಬಿಡಿ ಟೀಚರ್. ಅಷ್ಟು ರುಚಿ ಮಗೇವು ನಾನು ಯಾವತ್ತೂ ಕುಡಿದಿರಲಿಲ್ಲ." ಚಪ್ಪರಕ್ಕೆ ಬಂದ ಕೂಡಲೇ ಮಲೋಮೆಗೆ ವರದಿಯನ್ನೂ ಒಪ್ಪಿಸಿದಳು. ಆಮೇಲೆ ಎರಡು ವಾರ ನಾನು ಆ ಕಡೆ ಹಾದರೆ ಸಾಕು, ಅವನು ಟೊಪ್ಪಿ ತೆಗೆದು, "ಟೀಚರ್, ನೀರು ಊಟವೋ ಪಾನೀಯವೋ, ದಯವಿಟ್ಟು ಹೇಳಿಕೊಡಿ," ಎನ್ನುತ್ತಿದ್ದ.

ಎರಡನೆಯ ಸಲ ಅವಳು ನನ್ನ ಚೀಲವನ್ನು ತಾನೇ ಬಿಚ್ಚಿ ನೋಡಿ ಟ್ಯಾಕ್ಸಿ ಹತ್ತಿದಳು. ಸೂಜಿ ಕೊಟ್ಟ ಮೇಲೆ ಒಂದು ಗಂಟೆ ಬೆಚ್ಚನೆಯ ಕೋಣೆಯಲ್ಲಿ ಕಂಬಳಿ ಹೊದ್ದು ಅಲುಗಾಡದೆ ಮಲಗಬೇಕು. ಮಾತೂ ಆಡಬಾರದು, ಆಡಿದರೆ ಗಂಟಲಿನ ಸ್ನಾಯುಗಳು ಸಕ್ಕರೆ ಎಳೆದುಕೊಂಡು ಕುತ್ತಿಗೆಯ ಚಿತ್ರ ಕೆಡುತ್ತದೆ. ಈ ಮಾತು ಕೇಳಿ ನನಗೆ ಸೂಜಿಗಿಂತ ಹೆಚ್ಚು ಭಯವಾಯಿತು. ನನ್ನನ್ನು ಹೊರಗೆ ಕೂರಿಸಿದರು. ಆಮೇಲೆ ಡಿಟ್ಲಾರೆ ಹೇಳಿದ್ದು: ಅವಳು ಒಂದು ಗಂಟೆ ತುಟಿ ಬಿಚ್ಚಲಿಲ್ಲವಂತೆ, ಆದರೆ ಅವನು ನೋಡಲು ಬಂದಾಗಲೆಲ್ಲ ಕಣ್ಣಿನಲ್ಲೇ ಏನೋ ಹೇಳುತ್ತಿದ್ದಳಂತೆ. ಯಂತ್ರದಿಂದ ಇಳಿದ ಮೇಲೆ ಮೊದಲ ಮಾತು, "ನಿಮ್ಮ ಹೆಂಡತಿಗೆ ಯಾರು ತಲೆ ಹೆಣೀತಾರೆ?"

ಮೈಯಲ್ಲಿ ವಿಕಿರಣ ಇನ್ನೂ ಇರುತ್ತೆ, ಸಂಜೆವರೆಗೆ ಚಿಕ್ಕ ಮಕ್ಕಳನ್ನು ಎತ್ತಿಕೊಳ್ಳಬೇಡಿ, ಗರ್ಭಿಣಿಯರಿಂದ ದೂರವಿರಿ ಎಂದು ಹೇಳಿ ಕಳಿಸಿದರು. ಸೈಪೋನೆಯ ಮಗು ಚಿಕ್ಕಮ್ಮನ ಕಡೆ ಕೈ ಚಾಚಿ ಅತ್ತಿತು. ಖಾಪೆ ಬೇಲಿಯಾಚೆ ನಿಂತು ಹಾಡು ಹೇಳಿ ಸಮಾಧಾನ ಮಾಡಿದಳು. ಆ ವರ್ಷ ನಮ್ಮಲ್ಲಿ ದಿನಕ್ಕೆರಡು ಸಲ ಕರೆಂಟು ತೆಗೆಯುತ್ತಿದ್ದರು. ಮಲೋಮೆ ಸುದ್ದಿ ಕೇಳಿ, "ಇವತ್ತು ಕರೆಂಟು ಹೋದ್ರೆ ಇವಳನ್ನೇ ಮೂಲೆಯಲ್ಲಿ ಕೂರಿಸ್ಕೊಳ್ಳಿ," ಎಂದ.

ವಾರದ ಮೇಲೆ ಡಾಕ್ಟರ್ ಮುದಾವು ಪರದೆಯ ಮೇಲೆ ಚಿತ್ರ ತೋರಿಸಿದರು. ಮನುಷ್ಯಾಕಾರದ ಬೂದು ನೆರಳು. ಎದೆಯ ಮೇಲ್ಭಾಗದಲ್ಲಿ ಛತ್ರಿಯ ಹಿಡಿಕೆಯಂತೆ ಬಾಗಿದ ನಾಳ, ಅದರಿಂದ ಎಡಭುಜಕ್ಕೆ ಹೋದ ಕವಲು, ಕುತ್ತಿಗೆಯ ಎಡಕ್ಕೆ ಏರಿದ್ದು. ಅಷ್ಟೂ ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತಿತ್ತು. ಬೂದಿ ಕೆದಕಿದಾಗ ಕಾಣುವ ಕೆಂಡದ ಸಾಲು.

ಖಾಪೆ ತುಂಬ ಹೊತ್ತು ನೋಡಿದಳು. ಆಮೇಲೆ ತಲೆಯ ಕಡೆ ಬೆರಳು ಮಾಡಿ, "ಇಲ್ಲಿ ಎಲ್ಲಕ್ಕಿಂತ ಜಾಸ್ತಿ ಉರೀತಿದೆಯಲ್ಲ ಡಾಕ್ಟ್ರೇ, ನನ್ನ ತಲೆಗೂ ಬಂದಿದೆಯಾ?" ಎಂದಳು.

"ಅದು ಮೆದುಳು. ಎಲ್ಲರದ್ದೂ ಹಾಗೇ. ಮೆದುಳಿಗೆ ಯಾವಾಗಲೂ ಸಕ್ಕರೆ ಬೇಕು."

"ಹೂಂ. ಮಲೋಮೆದು ತೆಗೆಸಿ ನೋಡಬೇಕು, ಹೊಳೆಯುತ್ತೋ ಇಲ್ವೋ."

ಡಾಕ್ಟರು ನಕ್ಕರು. ಆಮೇಲೆ ಗಂಭೀರವಾಗಿ ಹೇಳಿದರು: "ಇದು ಕಲೆ ಅಲ್ಲ ಖಾಪೆ. ಇದು ಇನ್ನೂ ಉರೀತಿದೆ. ಇವತ್ತಿಂದಲೇ ಮಾತ್ರೆ."

ಮಾತ್ರೆ ಕೆಲಸ ಮಾಡಿತು. ಎರಡು ವಾರದಲ್ಲಿ ಜ್ವರ ಹೋಯಿತು, ಕುತ್ತಿಗೆ ನೋವು ಹೋಯಿತು. ಹಸಿವು ಬಂತು, ಎಂಥ ಹಸಿವು ಅಂದರೆ ಮಲೋಮೆಯ ಪಾಲಿನ ಮುದ್ದೆಯೂ ಸಾಲದು. ಜೊತೆಗೆ ಮುಖ ಊದಿಕೊಂಡಿತು. ಕೆನ್ನೆ ತುಂಬಿ ಕಣ್ಣು ಚಿಕ್ಕದಾಯಿತು. ವಾರಕ್ಕೊಂದು ನುಂಗುವ ಇನ್ನೊಂದು ಮಾತ್ರೆಗೆ ಕೂದಲು ತೆಳ್ಳಗಾಗಿ ಬಾಚಣಿಗೆಯ ತುಂಬ ಬರತೊಡಗಿತು. ಊರಿನ ತಲೆಯೆಲ್ಲ ಹೆಣೆಯುವವಳಿಗೆ ತನ್ನ ತಲೆಯಲ್ಲಿ ಹೆಣೆಯಲು ಕೂದಲಿಲ್ಲ. ಒಂದು ಸೋಮವಾರ ನುಣ್ಣಗೆ ಬೋಳಿಸಿಕೊಂಡು ಬಂದಳು. ಮಲೋಮೆ ಹೊಲಿಗೆ ನಿಲ್ಲಿಸಿ ನೋಡಿ, "ತಲೆ ಆಕಾರ ಚೆನ್ನಾಗಿದೆ. ಇಷ್ಟು ವರ್ಷ ಯಾಕೆ ಮುಚ್ಚಿಟ್ಟಿದ್ದೆ?" ಎಂದ. ಅವಳು ನಗಲಿಲ್ಲ. ಕುರ್ಚಿಯ ಧೂಳು ಒರೆಸಿ ಕೆಲಸಕ್ಕೆ ನಿಂತಳು.

ಉರಿ ಆರಿದರೂ ಕಿರಿದಾದ ನಾಳ ಹಿಗ್ಗುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಕೈ ಎತ್ತಿದರೆ ಸೋಲುವುದು ಉಳಿದೇ ಇತ್ತು. ಅದಕ್ಕೆ ಉಪಾಯ ಕಂಡದ್ದು ಮಲೋಮೆ. ನಿಲ್ದಾಣದ ಹಿಂದೆ ಬಿದ್ದಿದ್ದ ಹಲಗೆಗಳನ್ನು ತಂದು ಎರಡು ಬೆಂಚು ಹೊಡೆದ. ಒಂದು ಮೊಣಕಾಲಿಗಿಂತ ತಗ್ಗು, ಗಿರಾಕಿಗೆ. ಇನ್ನೊಂದು ಎತ್ತರದ್ದು, ಖಾಪೆಗೆ, ಚಪ್ಪಲಿಯ ಹಳೆಯ ಚರ್ಮ ಹೊದಿಸಿದ್ದು. ಅವಳು ಮೇಲೆ ಕೂತರೆ ಗಿರಾಕಿಯ ತಲೆ ಅವಳ ತೊಡೆಯ ಮಟ್ಟಕ್ಕೆ ಬರುತ್ತದೆ, ಕೈ ಎತ್ತುವ ಮಾತೇ ಇಲ್ಲ. ಕೂತು ನೋಡಿದಳು. ಇಪ್ಪತ್ತು ಜಡೆ, ಮೂವತ್ತು ಜಡೆ, ಕೈ ಸೋಲಲಿಲ್ಲ.

"ಹೇಗಿದೆ?" ಎಂದ ಮಲೋಮೆ.

"ಸ್ವಲ್ಪ ಕುಂಟುತ್ತೆ."

"ನಿನ್ನ ಹಾಗೆ."

ಅವಳು ಹಾಗೇ ಕಣ್ಣೊರೆಸಿಕೊಂಡು ಹೆಣೆಯುತ್ತಾ ಹೋದಳು. ಕೆಳಗೆ ಕೂತಿದ್ದ ನನ್ನ ಕುತ್ತಿಗೆಯ ಮೇಲೆ ಎರಡು ಹನಿ ಬಿತ್ತು. ನಾನು ಅಲುಗಾಡಲಿಲ್ಲ.

ವರ್ಷ ಕಳೆಯಿತು. ಎಲ್ಲ ಸರಿಹೋಯಿತು ಅಂದುಕೊಂಡೆವು. ಆ ಡಿಸೆಂಬರಿನಲ್ಲಿ ಅವಳ ಚಿಕ್ಕಪ್ಪನ ಮಗಳ ಮದುವೆ. ಮದುಮಗಳ ಮುಂದೆ ನೀಲಿ ಅಚ್ಚಿನ ಹತ್ತಿಬಟ್ಟೆಯ ಲಂಗ ತೊಟ್ಟು ಕುಣಿದು ಬರುವ ಹೆಂಗಸರಲ್ಲಿ ಖಾಪೆಯೂ ಒಬ್ಬಳು. ಊದಿದ ಮುಖದಲ್ಲಿ ಫೋಟೊಗೆ ನಿಲ್ಲಲು ಅವಳಿಗೆ ಮನಸ್ಸಿರಲಿಲ್ಲ. ನಾನೂ ಸೈಪೋನೆಯೂ ಎಷ್ಟೋ ಹೇಳಿದೆವು. ಮಲೋಮೆಯಂತೂ, "ನಮ್ಮ ಕಾಲದಲ್ಲಿ ಇಂಥ ತುಂಬಿದ ಮುಖಕ್ಕೆ ಹೆಣ್ಣಿನ ಕಡೆಯೋರು ತೆರ ಅಂತ ಎರಡು ಹಸು ಜಾಸ್ತಿ ಕೇಳ್ತಿದ್ರು," ಎಂದ. ಮದುವೆಯ ದಿನ ಅವಳ ಮುಖದ ಊತ ಇಳಿದು ಹಳೆಯ ಖಾಪೆಯೇ ಕಂಡಳು. ಕುಣಿದಳು, ಹಾಡಿದಳು, ಎಲ್ಲ ಫೋಟೊದಲ್ಲೂ ಮುಂದೆ ನಿಂತಳು. ನಾವು ಗುಣವಾಯಿತು ಎಂದು ಖುಷಿಪಟ್ಟೆವು. ಅಕ್ಟೋಬರಿನಿಂದಲೇ ಮಾತ್ರೆಯನ್ನು ದಿನದಿನಕ್ಕೆ ಕಮ್ಮಿ ಮಾಡುತ್ತಾ ಬಂದು, ನವೆಂಬರಿನಲ್ಲಿ ಪೂರ್ತಿ ನಿಲ್ಲಿಸಿಬಿಟ್ಟಿದ್ದಳು. ಅದು ಯಾರಿಗೂ ಗೊತ್ತಿರಲಿಲ್ಲ.

ಫೆಬ್ರವರಿಯ ಒಂದು ಬೆಳಗ್ಗೆ ಟ್ಯಾಕ್ಸಿ ಸಾಲಿನ ಮಧ್ಯೆ ಕಣ್ಣು ಕತ್ತಲೆ ಬಂದು ಬಿದ್ದಳು. ಮಲೋಮೆ ಅಂಗಡಿಯನ್ನು ತೆರೆದೇ ಬಿಟ್ಟು ಅವಳನ್ನು ಎತ್ತಿ ಟ್ಯಾಕ್ಸಿಗೆ ಹಾಕಿದ. ಚಾಲಕ ಬೇರೆ ಯಾರನ್ನೂ ಹತ್ತಿಸಿಕೊಳ್ಳದೆ ನೇರ ದೊಡ್ಡಾಸ್ಪತ್ರೆಗೆ ಹೊಡೆದ. ಡಾಕ್ಟರ್ ಮುದಾವು ಮಾತ್ರೆಯ ಬಗ್ಗೆ ಕೇಳಿದಾಗ ಖಾಪೆ ಸುಳ್ಳು ಹೇಳಲಿಲ್ಲ. ಡಾಕ್ಟರು ಮತ್ತೊಮ್ಮೆ ಚಿತ್ರ ತೆಗೆಸಿದರು. ಈ ಸಲ ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟರು.

ಹಳೆಯದರಲ್ಲಿ ಕೆಂಡ ಎಡಕ್ಕೆ ಮಾತ್ರ. ಹೊಸದರಲ್ಲಿ ಅದು ಬಾಗಿದ ನಾಳವನ್ನು ದಾಟಿ ಬಲಕ್ಕೂ ಹೊರಳಿತ್ತು. ಬಲಗೈಗೆ ಹೋಗುವ ಕವಲಿನ ಬುಡದಲ್ಲಿ ಬೆರಳುಗಾತ್ರದ ಕಿತ್ತಳೆ ಗೆರೆ.

"ಇದು ಯಾವ ಕಡೆ?" ಎಂದಳು ಖಾಪೆ. ಅವಳಿಗೆ ಗೊತ್ತಿತ್ತು.

"ಬಲ."

"ನನ್ನ ಒಳ್ಳೆ ಕೈ."

"ಹೌದು. ನಾಳ ಇನ್ನೂ ಕಿರಿದಾಗಿಲ್ಲ. ಈಗ ಉರಿ ಹತ್ತಿದೆ, ಅಷ್ಟೇ. ಸಮಯಕ್ಕೆ ಸರಿಯಾಗಿ ಬಂದಿದ್ದೀರಿ." ಡಾಕ್ಟರು ಪರದೆಯಿಂದ ಅವಳ ಕಡೆ ತಿರುಗಿ, "ಮುಖದ ವಿಷಯ ನನ್ನ ಹತ್ತಿರ ಹೇಳಬಹುದಿತ್ತು. ನಾನೂ ಹೆಂಗಸೇ," ಎಂದರು.

ಖಾಪೆ ಪರದೆಯ ಹತ್ತಿರ ಹೋಗಿ ಆ ಗೆರೆಯ ಮೇಲೆ ಬೆರಳಿಟ್ಟಳು. ಆಮೇಲೆ ತನ್ನ ಬಲಭುಜವನ್ನು ಮುಟ್ಟಿಕೊಂಡಳು, ಅಳುವ ಮಗುವನ್ನು ತಟ್ಟಿದ ಹಾಗೆ. "ಕೊಡಿ ಡಾಕ್ಟ್ರೇ ಮಾತ್ರೆ. ಮುಖ ಎಷ್ಟು ಬೇಕಾದ್ರೂ ಊದಲಿ. ಮುಖದಲ್ಲಿ ಯಾರೂ ತಲೆ ಹೆಣೆಯೋದಿಲ್ಲ," ಎಂದಳು. ಮನೆಗೆ ಬರುವ ದಾರಿಯುದ್ದಕ್ಕೂ ಒಂದು ಮಾತಾಡಲಿಲ್ಲ. ಅಷ್ಟು ವರ್ಷದಲ್ಲಿ ನಾನು ಕಂಡ ಅವಳ ಅತ್ಯಂತ ಉದ್ದದ ಮೌನ ಅದು, ಯಾರೂ ಸುಮ್ಮನಿರಿ ಎಂದು ಹೇಳದೆಯೇ.

ಆಮೇಲೆ ಒಂದು ದಿನವೂ ತಪ್ಪಿಸಲಿಲ್ಲ. ಬೆಳಗ್ಗೆ ಏಳಕ್ಕೆ ಮಲೋಮೆ ರೇಡಿಯೋ ಹಚ್ಚುತ್ತಾನೆ, ಸುದ್ದಿ ಶುರುವಾಗುತ್ತಿದ್ದಂತೆ, "ನುಂಗಿದ್ಯಾ?" ಎನ್ನುತ್ತಾನೆ, ಅವಳು ಬಾಯಿ ತೆರೆದು ನಾಲಿಗೆ ತೋರಿಸುತ್ತಾಳೆ. ಮುಂದಿನ ವರ್ಷ ಮೂರನೆಯ ಚಿತ್ರ ತೆಗೆದಾಗ ಬಲಗಡೆ ಏನೂ ಇರಲಿಲ್ಲ. ಎಡಗಡೆ ಬರೀ ಬೂದು. ಡಾಕ್ಟರು ಮಾತ್ರೆಯನ್ನು ತಾವೇ ಇಳಿಸಿದರು, ಮೆಲ್ಲಗೆ. ಮುಖದ ಊತವೂ ಮೆಲ್ಲಗೆ ಇಳಿಯಿತು. ಕೂದಲು ಬಂತು, ಮೊದಲಿಗಿಂತ ಮೆತ್ತಗೆ. ಅವಳು ಅದನ್ನು ಹೆಣೆಸಲಿಲ್ಲ, ಹಾಗೇ ಬಿಟ್ಟಿದ್ದಾಳೆ.

ಎಡ ಮಣಿಕಟ್ಟಿಗೆ ನಾಡಿ ಮಾತ್ರ ಮರಳಲಿಲ್ಲ. ಹೊಸ ನರ್ಸುಗಳು ಆ ತೋಳಿಗೆ ಪಟ್ಟಿ ಸುತ್ತಲು ಬಂದರೆ, "ಅಲ್ಲಿ ಬೇಡಮ್ಮ, ಆ ಮನೇಲಿ ಯಾರೂ ಇಲ್ಲ," ಎನ್ನುತ್ತಾಳೆ.

ಕಳೆದ ವರ್ಷ ಡಾಕ್ಟರ್ ಮುದಾವು ಅವಳನ್ನು ಒಂದು ಸಹಾಯ ಕೇಳಿದರು: ಡಾಕ್ಟರಿಕೆ ಓದುವ ಮಕ್ಕಳಿಗೆ ಇಂಥ ಕಾಯಿಲೆ ನೋಡಲು ಸಿಗುವುದು ಅಪರೂಪ, ಒಂದು ಬೆಳಗ್ಗೆ ಬಂದು ಕೂರುತ್ತೀರಾ? ಖಾಪೆ ಹೊಸ ಅಂಗಿ ಹಾಕಿಕೊಂಡು, ನನ್ನನ್ನೂ ಜೊತೆಗೆ ಕರೆದುಕೊಂಡು ಹೊರಟಳು. ಹದಿನೈದು ಹುಡುಗ ಹುಡುಗಿಯರು ಬಿಳಿ ಕೋಟು ತೊಟ್ಟು ಸುತ್ತ ನಿಂತಿದ್ದರು. ಡಾಕ್ಟರು ಅವರಿಗೆ ಏನನ್ನೂ ಹೇಳದೆ ನಾಡಿ ನೋಡಲು ಬಿಟ್ಟರು. ಮೊದಲು ಬಂದವನು ಇಸ್ತ್ರಿ ಮಾಡಿದ ಕೋಟಿನ ಚೂಟಿ ಹುಡುಗ. ಎಡ ಮಣಿಕಟ್ಟು ಹಿಡಿದು, ಗಡಿಯಾರ ನೋಡಿ, ಗತ್ತಿನಿಂದ, "ಎಪ್ಪತ್ತೆರಡು," ಎಂದ.

ಡಾಕ್ಟರು ತುಟಿ ಕಚ್ಚಿಕೊಂಡರು. ಖಾಪೆ ಅವನ ಮುಖವನ್ನೇ ನೋಡಿದಳು.

"ಮಗನೇ, ಎಪ್ಪತ್ತೆರಡು ಎಲ್ಲಿ ಸಿಕ್ತು? ನಾನು ನಾಲ್ಕು ವರ್ಷದಿಂದ ಹುಡುಕ್ತಿದ್ದೀನಿ."

ಉಳಿದವರೆಲ್ಲ ನಕ್ಕರು. ಹುಡುಗನ ಕಿವಿ ಕೆಂಪಾಯಿತು. ಅವಳು ಅವನ ಕೈ ಬಿಡಲಿಲ್ಲ. "ಹೆದರಬೇಡ. ಸಿಗಲಿಲ್ಲ ಅಂದ್ರೆ ಸಿಗಲಿಲ್ಲ ಅನ್ನು. ನೀನು ಎಪ್ಪತ್ತೆರಡು ಅಂದ್ರೆ ನಾನು ನಂಬಿಕೊಂಡು ಮನೆಗೆ ಹೋಗ್ತೀನಿ. ಗೊತ್ತಾಯ್ತಾ?" ಎಂದು ಬಲಗೈ ಚಾಚಿದಳು. "ಈಗ ಇದನ್ನು ನೋಡು. ನಿಧಾನಕ್ಕೆ." ಅವನು ನೋಡಿದ. ಈ ಸಲ ಸರಿಯಾಗಿ ಎಣಿಸಿದ.

ಎಲ್ಲರ ಸರದಿ ಮುಗಿದ ಮೇಲೆ ಒಬ್ಬ ಹುಡುಗಿ ಉಳಿದುಕೊಂಡಳು. ಕಾಯಿಲೆಯ ಬಗ್ಗೆ ಏನೋ ಕೇಳಬೇಕಿತ್ತು. ಖಾಪೆಯ ಕಣ್ಣು ಮಾತ್ರ ಅವಳ ತಲೆಯ ಮೇಲಿತ್ತು.

"ಯಾರು ಹೆಣೆದದ್ದು ಇದು?"

"ಹಾಸ್ಟೆಲಿನ ಗೆಳತಿ, ಔಸಿ," ಎಂದಳು; ಔಸಿ ಅಂದರೆ ಅಕ್ಕ.

"ಗೆಳತಿಯೇ? ಹಣೆ ಹತ್ರ ಇಷ್ಟು ಬಿಗಿ ಎಳೆದಿದ್ದಾಳೆ. ಎರಡು ವರ್ಷದಲ್ಲಿ ಇಲ್ಲೆಲ್ಲ ಬೋಳಾಗುತ್ತೆ. ತಲೆ ನೋವು ಬರುತ್ತಾ ರಾತ್ರಿ?"

"ಬರುತ್ತೆ."

"ಕೂತ್ಕೋ."

ಹುಡುಗಿ ಡಾಕ್ಟರ ಕಡೆ ನೋಡಿದಳು. ಡಾಕ್ಟರು ಮಂಚ ಹತ್ತಲು ಇಟ್ಟಿದ್ದ ತಗ್ಗು ಮಣೆಯನ್ನು ಪಾದದಿಂದ ಮುಂದೆ ತಳ್ಳಿದರು. ಖಾಪೆ ಪರೀಕ್ಷೆಯ ಮಂಚದ ಅಂಚಿನಲ್ಲಿ ಕೂತು, ಭಾವೀ ಡಾಕ್ಟರಮ್ಮನನ್ನು ಮೊಣಕಾಲ ನಡುವೆ ಕೂರಿಸಿಕೊಂಡು, ಹಣೆಯಂಚಿನ ಜಡೆಗಳನ್ನು ಒಂದೊಂದಾಗಿ ಬಿಚ್ಚಿ ಸಡಿಲವಾಗಿ ಹೆಣೆಯತೊಡಗಿದಳು. ಹೆಣೆಯುತ್ತಾ ಕೇಳಿದಳು, "ನಿನಗೆ ಊರು ಯಾವುದು? ಅಪ್ಪ ಅಮ್ಮ ಇದ್ದಾರಾ? ಆ ಎಪ್ಪತ್ತೆರಡರ ಹುಡುಗನಿಗೆ ಯಾರಾದ್ರೂ ಇದ್ದಾರಾ?"

ನಾನು ಚೀಲದಿಂದ ನೀರು ತೆಗೆದು ಕುಡಿದೆ. ಇದು ಬೇಗ ಮುಗಿಯುವ ಕೆಲಸವಲ್ಲ ಎಂದು ನನಗೆ ಗೊತ್ತಿತ್ತು.